ಗಂಟೆ ಬೆಂಗಳೂರಿನಲ್ಲಿ, ಬೆಂಕಿ ಚಳ್ಳಕೆರೆಯಲ್ಲಿ

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ರಾತ್ರಿ ಪಾಳಿಯ ಹಮಾಲಿಯ ತೋಳು ಯಂತ್ರದ ಪಟ್ಟಿಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಜೊತೆಯವರು ಓಡಿಬಂದು ಮೂರು ಅಂಕಿ ಒತ್ತುತ್ತಾರೆ. ಗಂಟೆ ಬಾರಿಸುವುದು ಅದೇ ಊರಿನ ಸರ್ಕಾರಿ ಆಸ್ಪತ್ರೆಯಲ್ಲಲ್ಲ. ಸುಮಾರು ಇನ್ನೂರು ಕಿಲೋಮೀಟರು ಆಚೆ, ಬೆಂಗಳೂರಿನಲ್ಲಿ. ಅಲ್ಲಿ ಕುಳಿತವರು ಯಾವ ಜಿಲ್ಲೆ, ಯಾವ ತಾಲ್ಲೂಕು, ಹತ್ತಿರದ ಗುರುತು ಏನು ಎಂದು ವಿಚಾರಿಸಿ, ಬರೆದುಕೊಂಡು, ಮತ್ತೆ ಚಳ್ಳಕೆರೆಯ ವಾಹನಕ್ಕೆ ಅಪ್ಪಣೆ ಕಳುಹಿಸಬೇಕು. ಗಾಯಾಳು ಚಳ್ಳಕೆರೆಯವನು, ವಾಹನ ಚಳ್ಳಕೆರೆಯದು, ಆಸ್ಪತ್ರೆ ಚಳ್ಳಕೆರೆಯದು. ಹೊರಡು ಎನ್ನುವ ಅಪ್ಪಣೆ ಮಾತ್ರ ರಾಜಧಾನಿಯದು. ಆ ವಾಹನ ಅದೇ ಹೊತ್ತಿಗೆ ಇನ್ನೊಂದು ಹಟ್ಟಿಗೆ ಹೋಗಿದ್ದರೆ ಮುಂದಿನದು ಎಲ್ಲಿಂದ ಬರಬೇಕು, ಬರುವ ತನಕ ಏನು ಮಾಡಬೇಕು ಎಂಬುದನ್ನು ಊರಿನಲ್ಲಿ ಹೇಳಬಲ್ಲವರು ಒಬ್ಬರೂ ಇಲ್ಲ. ನಗರಸಭೆಯ ಕಚೇರಿಗೆ ಹೋಗಿ ಬಾಗಿಲು ಬಡಿದರೂ ಬರುವ ಉತ್ತರ ಒಂದೇ: "ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ."

ಹಾಗಾದರೆ ಯಾರ ವ್ಯಾಪ್ತಿಗೆ ಬರುತ್ತದೆ ಎಂಬುದೇ ನಮ್ಮ ಪ್ರಶ್ನೆ. ಚಳ್ಳಕೆರೆಯ ಐವತ್ತೈದು ಸಾವಿರ ಜನ, ಮೊಳಕಾಲ್ಮೂರಿನ ಹದಿನಾರು ಸಾವಿರಕ್ಕೆ ಹತ್ತಿರ ಜನ (ಇದು 2011ರ ಜನಗಣತಿಯ ಲೆಕ್ಕ, ಈಗ ಇನ್ನೂ ಹೆಚ್ಚೇ), ಎರಡೂ ತಾಲ್ಲೂಕುಗಳ ಹಳ್ಳಿ ಹಟ್ಟಿಗಳ ಲಕ್ಷಾಂತರ ಜನ, ಇವರ ಜೀವ ಉಳಿಯುವ ಮೊದಲ ಅರ್ಧ ಗಂಟೆಯ ಯಜಮಾನಿಕೆ ಯಾರ ಕೈಯಲ್ಲಿದೆ? ಆ ಕೈಗೆ ಲೆಕ್ಕ ಕೇಳುವ ಹಕ್ಕು ನಮ್ಮ ಪುರಪಿತೃಗಳಿಗೆ ಏಕಿಲ್ಲ? ಹಕ್ಕು ಇಲ್ಲವಾದರೆ ಅದನ್ನು ಕೇಳಿ ಪಡೆಯುವ ಬಾಯಿಯಾದರೂ ಏಕಿಲ್ಲ?

ನಮ್ಮ ಮಾತನ್ನು ತಿರುಚುವವರು ಇದ್ದೇ ಇರುತ್ತಾರೆ. ಆದುದರಿಂದ ಒಂದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. 108 ಆಂಬುಲೆನ್ಸ್ ಸೇವೆ ಬೇಡವೆಂದು ನಾವು ಹೇಳುತ್ತಿಲ್ಲ. 2008ರ ನವೆಂಬರ್ 1ರಂದು ಅದು ರಾಜ್ಯದಲ್ಲಿ "ಆರೋಗ್ಯ ಕವಚ" ಎಂಬ ಹೆಸರಿನಿಂದ ಆರಂಭವಾಯಿತು. ಅದಕ್ಕೆ ಮೊದಲು ಹೆರಿಗೆ ಬೇನೆಯ ಹೆಂಗಸನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಜೀಪಿನವನಿಗೆ ಮುಂಗಡ ಎಣಿಸಬೇಕಾಗಿತ್ತು. ಹಣವಿಲ್ಲದವರಿಗೆ ಎತ್ತಿನ ಗಾಡಿ, ಇಲ್ಲವೆ ಕಡಲೆಕಾಯಿ ಲಾರಿ. ಬಡವನ ಬಾಗಿಲಿಗೆ ಕಾಸು ಕೇಳದೆ ಬರುವ ವಾಹನವೊಂದು ಬಂದದ್ದು ಸಣ್ಣ ಮಾತಲ್ಲ. ಆ ವಾಹನದ ಚಾಲಕರೂ ಶುಶ್ರೂಷಕರೂ ನಮ್ಮಂತೆಯೇ ದುಡಿಯುವ ಜನ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಬಾಕಿ ಸಂಬಳಕ್ಕಾಗಿ 2024ರ ಮೇ ತಿಂಗಳಲ್ಲಿ ಅವರೇ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ಮನೆಯ ಒಲೆ ಉರಿಯದೆ ಇನ್ನೊಬ್ಬರ ಮನೆಯ ದೀಪ ಉಳಿಸಲು ಓಡು ಎಂದು ಯಾವ ಬಾಯಿಯಿಂದ ಹೇಳುವುದು?

ನಾವು ಖಂಡಿಸುವುದು ಆ ವ್ಯವಸ್ಥೆಯ ಕಟ್ಟಡವನ್ನು. ಸರ್ಕಾರ ಖಾಸಗಿ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಇಡೀ ರಾಜ್ಯದ ಕರೆಗಳನ್ನು ಬೆಂಗಳೂರಿನ ಒಂದೇ ಕೇಂದ್ರಕ್ಕೆ ಕಟ್ಟಿತು. ಒಂದೇ ಹಗ್ಗಕ್ಕೆ ಊರಿನ ದನವನ್ನೆಲ್ಲ ಕಟ್ಟಿದರೆ ಏನಾಗುತ್ತದೆ ಎಂಬುದು 2022ರ ಸೆಪ್ಟೆಂಬರ್ ಕೊನೆಯ ವಾರ ಗೊತ್ತಾಯಿತು. ಆ 24 ಮತ್ತು 25ರಂದು ಕೇಂದ್ರದ ಯಂತ್ರ ವ್ಯವಸ್ಥೆ ಕೆಟ್ಟು ನಿಂತಿತು. ಬೀದರಿನಿಂದ ಚಾಮರಾಜನಗರದವರೆಗೆ ಜನ ಮೂರು ಅಂಕಿ ಒತ್ತಿ ಒತ್ತಿ ಬೇಸತ್ತರು. ಚಳ್ಳಕೆರೆಯ ವಾಹನ ಆ ದಿನವೂ ಚಳ್ಳಕೆರೆಯಲ್ಲೇ ಇದ್ದಿತಲ್ಲ! ಅದರ ಚಾಲಕನಿಗೆ ಊರಿನ ದಾರಿಯೆಲ್ಲ ಗೊತ್ತಿತ್ತಲ್ಲ! ಅವನನ್ನು ಕರೆಯುವ ದಾರಿಯನ್ನು ಮಾತ್ರ ಊರಿನಿಂದ ಕಿತ್ತು ಒಯ್ದು ಬೇರೆಡೆ ಇಟ್ಟಿದ್ದರು. ಈ ಸೇವೆಯನ್ನು ಸರ್ಕಾರವೇ ನಡೆಸುವುದೆಂದು ಆರೋಗ್ಯ ಇಲಾಖೆ 2025ರಲ್ಲಿ ಹೇಳಿತು. ಖಾಸಗಿಯವರ ಕೈಯಿಂದ ಸರ್ಕಾರದ ಕೈಗೆ ಬರುವುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಬೆಂಗಳೂರಿನ ಒಂದು ಕಟ್ಟಡದಿಂದ ಬೆಂಗಳೂರಿನದೇ ಇನ್ನೊಂದು ಕಟ್ಟಡಕ್ಕೆ ಕುರ್ಚಿ ಸಾಗಿಸಿದರೆ ಮೊಳಕಾಲ್ಮೂರಿನ ನೇಕಾರನಿಗೆ ಬರುವ ಭಾಗ್ಯವೇನು?

ದೂರದಲ್ಲಿ ಕುಳಿತವರ ಕಷ್ಟ ಎಂಥದೆಂದು ಊರಿನ ಹೆಸರುಗಳಿಂದಲೇ ತಿಳಿಯಬಹುದು. ಮೊಳಕಾಲ್ಮೂರು ತಾಲ್ಲೂಕಿನ ಹೆದ್ದಾರಿಯಲ್ಲಿ ಹಾನಗಲ್ ಇದೆ. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ ಎಂಬ ತಾಲ್ಲೂಕೇ ಇದೆ. ಇಲ್ಲಿ ಸಿದ್ದಾಪುರವಿದೆ, ಉತ್ತರ ಕನ್ನಡದಲ್ಲೂ ಸಿದ್ದಾಪುರವಿದೆ, ಕೊಡಗಿನಲ್ಲೂ ಇದೆ. ರಾಂಪುರಗಳಂತೂ ರಾಜ್ಯದಲ್ಲಿ ಎಷ್ಟಿವೆಯೋ ರಾಮನೇ ಬಲ್ಲ. ಗೊಲ್ಲರಹಟ್ಟಿ ಎಂದರೆ ಯಾವ ಗೊಲ್ಲರಹಟ್ಟಿ? ಗಾಂಧಿನಗರ ಎಂದರೆ ಯಾವ ಊರಿನ ಗಾಂಧಿನಗರ? ರಕ್ತ ಸೋರುತ್ತಿರುವಾಗ, ಹೆರಿಗೆಯ ನೋವಿನಲ್ಲಿ ಹೆಂಗಸು ಕೂಗುತ್ತಿರುವಾಗ, ಮನೆಯವರು ಉಸಿರುಕಟ್ಟಿ ಹೇಳಿದ ಒಂದು ಹೆಸರನ್ನು ಬಿಡಿಸಿ ಬಿಡಿಸಿ ಕೇಳಬೇಕು. ಈ ಎರಡು ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾದ ಜನ ಬಹಳ. ಗಡಿಯ ಹಳ್ಳಿಯಲ್ಲಿ ಫೋನು ಆಂಧ್ರದ ಗೋಪುರವನ್ನು ಹಿಡಿದುಬಿಟ್ಟರೆ ಕರೆ ಅತ್ತಲಿನ ರಾಜ್ಯದ ಕೇಂದ್ರಕ್ಕೆ ಹೋಗುವುದೂ ಉಂಟು. ಈಗಿನ ಫೋನು ತಾನಿರುವ ಜಾಗವನ್ನು ತಾನೇ ತೋರಿಸುತ್ತದೆ ಎಂದು ಬುದ್ಧಿವಂತರು ಹೇಳುವರು. ಗುಂಡಿ ಒತ್ತುವ ಹಳೆಯ ಫೋನಿನ ಹಮಾಲಿಗೆ, ಕುರಿ ಹಿಂಡಿನ ಹಿಂದೆ ಕಾವಲಿನಲ್ಲಿ ನಡೆಯುವವನಿಗೆ ಈ ಮಾತು ಹೇಳಿನೋಡಲಿ. ನೆಹರು ವೃತ್ತದಲ್ಲಿ ಎಳನೀರು ಮಾರುವವನನ್ನು ಕೇಳಿದರೆ ಆ ಹಟ್ಟಿಗೆ ಯಾವ ದಾರಿ, ಮಳೆ ಬಂದರೆ ಯಾವ ಹಳ್ಳ ತುಂಬುತ್ತದೆ ಎಂದು ಒಂದೇ ಉಸಿರಿಗೆ ಹೇಳಿಯಾನು.

ಇಲ್ಲೊಂದು ಹಳೆಯ ಸಂಗತಿ ನೆನಪಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಕಾಲದ ಶಾಸನವಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆ ಅದು. ಆಜ್ಞೆಯನ್ನು ತಿಳಿಸುವ ಮೊದಲು ಅಲ್ಲಿನವರ ಆರೋಗ್ಯ ವಿಚಾರಿಸುವ ಮಾತಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ದೂರದ ಸರ್ಕಾರವೊಂದು ಈ ನೆಲಕ್ಕೆ ಕಾಗದ ಕಳುಹಿಸುವಾಗ ಆರೋಗ್ಯ ಕೇಳಿತು. ಕೇಳಿದ್ದು ಮಾತ್ರವಲ್ಲ, ಅದನ್ನು ಓದಿ ನಡೆಸಲು ಇಸಿಲದಲ್ಲೇ ಅಧಿಕಾರಿಗಳನ್ನೂ ಇಟ್ಟಿತ್ತು. ನಮ್ಮ ಪ್ರಜಾಪ್ರಭುತ್ವ ಆ ಚಕ್ರವರ್ತಿಯ ಮಟ್ಟಕ್ಕಾದರೂ ಬರಬಾರದೆ?

ಈಗ ಕಾನೂನಿನ ಮಾತು. ನಮ್ಮ ನಗರಸಭೆಯೂ ಪಟ್ಟಣ ಪಂಚಾಯಿತಿಯೂ ನಡೆಯುವುದು 1964ರ ಪುರಸಭೆಗಳ ಕಾನೂನಿನಂತೆ. ಅದರ 87ನೆಯ ಕಲಮಿನಲ್ಲಿ ಕಡ್ಡಾಯ ಕರ್ತವ್ಯಗಳ ಪಟ್ಟಿ ಇದೆ. ಬೆಂಕಿ ಆರಿಸುವುದು, ಬೆಂಕಿ ಬಿದ್ದಾಗ ಜೀವವನ್ನೂ ಸ್ವತ್ತನ್ನೂ ರಕ್ಷಿಸುವುದು ಆ ಪಟ್ಟಿಯಲ್ಲಿದೆ. ಅದೇ 1964ರಲ್ಲಿ ಅದೇ ಶಾಸನಸಭೆ ಅಗ್ನಿಶಾಮಕ ದಳದ ಕಾನೂನನ್ನೂ ಮಾಡಿ ದಳವನ್ನು ರಾಜ್ಯ ಸರ್ಕಾರದ ಕೈಗೆ ಕೊಟ್ಟಿತು. ಒಂದು ಕೈಯಿಂದ ಕರ್ತವ್ಯ ಕೊಟ್ಟು ಇನ್ನೊಂದು ಕೈಯಿಂದ ಆಯುಧ ಕಿತ್ತುಕೊಂಡ ವರ್ಷ ಅದು. 1992ರಲ್ಲಿ ಸಂವಿಧಾನಕ್ಕೆ 74ನೆಯ ತಿದ್ದುಪಡಿ ಬಂತು. ನಗರಗಳಿಗೆ ವಹಿಸಬಹುದಾದ 18 ಬಾಬತ್ತುಗಳ ಹನ್ನೆರಡನೆಯ ಅನುಸೂಚಿ ಬಂತು. ಅದರಲ್ಲಿ ಏಳನೆಯದು ಅಗ್ನಿಶಾಮಕ ಸೇವೆ, ಆರನೆಯದು ಸಾರ್ವಜನಿಕ ಆರೋಗ್ಯ. ಮೂವತ್ತು ವರ್ಷ ಕಳೆದರೂ ಆ ಏಳನೆಯ ಬಾಬತ್ತು ಚಳ್ಳಕೆರೆಗೆ ಬರಲಿಲ್ಲ. ದಳ ಇಂದಿಗೂ ಗೃಹ ಇಲಾಖೆಯ ಅಡಿಯಲ್ಲೇ ಇದೆ. 101 ಒತ್ತಿರಿ, 112 ಒತ್ತಿರಿ, ನಗರಸಭೆಗೆ ಆ ಗಂಟೆ ಕೇಳಿಸುವುದಿಲ್ಲ.

ಕೇಳಿಸಿದರೂ ಎದ್ದು ಬರಲು ಕುರ್ಚಿಯಲ್ಲಿ ಜನರಾದರೂ ಇರಬೇಕಷ್ಟೆ. 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಮೀಸಲಾತಿಯ ಜಗಳ ನ್ಯಾಯಾಲಯ ಹತ್ತಿ, ಅಧ್ಯಕ್ಷರ ಆಯ್ಕೆಯಾಗಲು ಎರಡು ವರ್ಷ ಹಿಡಿಯಿತು. ಗೆದ್ದವರು ಗೆದ್ದು ಮನೆಯಲ್ಲಿ ಕುಳಿತರು, ಆಡಳಿತಾಧಿಕಾರಿ ರುಜು ಹಾಕಿದರು. ಚುನಾಯಿತ ಸಭೆ ಇದ್ದಾಗಲಾದರೂ ಕಾರ್ಯಸೂಚಿ ಎಂಥದು ಎಂಬುದು ವಾಚಕರಿಗೆ ತಿಳಿದದ್ದೇ: ಚರಂಡಿ, ಬೀದಿದೀಪ, ಮಳಿಗೆಯ ಹರಾಜು, ಟೆಂಡರು, ಮತ್ತೆ ಟೆಂಡರು.

ಗಿರಣಿಯ ಕಡೆ ಬರೋಣ. ಚಳ್ಳಕೆರೆಗೆ ಎಣ್ಣೆಯ ನಗರ ಎಂಬ ಹೆಸರು ಬಂದದ್ದು ಕಡಲೆಕಾಯಿಯಿಂದ. 1994ರಲ್ಲಿ ತಾಳೆಯೆಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಆ ವೈಭವ ಇಳಿಯಿತು. ಆ ಅನ್ಯಾಯದ ಕತೆ ಬೇರೆ. ಉಳಿದ ಗಿರಣಿಗಳಲ್ಲಿ ಹಿಂಡಿ, ಹೊಟ್ಟು, ಗೋಣಿಚೀಲ, ಎಣ್ಣೆಯ ಡಬ್ಬ ಎಲ್ಲವೂ ಒಂದೇ ಸೂರಿನ ಕೆಳಗೆ. ಎಣ್ಣೆಯ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ. ಅದಕ್ಕೆ ನೊರೆ ಬೇಕು. ಹಿಂಡಿಯಿಂದ ದ್ರಾವಕ ಹಾಕಿ ಎಣ್ಣೆ ತೆಗೆಯುವ ಕಾರ್ಖಾನೆಯಾದರೆ ಅಲ್ಲಿ ಬಳಸುವ ಹೆಕ್ಸೇನಿನ ಆವಿಗೆ ಒಂದು ಕಿಡಿ ಸಾಕು. ಯಾವ ಗಿರಣಿಯಲ್ಲಿ ಏನಿದೆ, ಯಾವ ಬಾಗಿಲು ಬೀಗ ಹಾಕಿದೆ, ಯಾವ ಓಣಿಯಲ್ಲಿ ದೊಡ್ಡ ವಾಹನ ತಿರುಗದು ಎಂಬ ತಿಳಿವಳಿಕೆ ವಾಹನ ಹೊರಡುವ ಮೊದಲೇ ಬೇಕಾದದ್ದು. ಅದು ಊರಿನಲ್ಲಲ್ಲದೆ ಬೇರೆಲ್ಲೂ ಸಿಗದು. ಇನ್ನು ನೀರು. ಸಾಮಾನ್ಯ ಅಗ್ನಿಶಾಮಕ ವಾಹನದ ತೊಟ್ಟಿ ಹಿಡಿಯುವುದು 4,500 ಲೀಟರು. ಪೂರ್ಣ ಬಲದಲ್ಲಿ ಬಿಟ್ಟರೆ ಕೆಲವೇ ನಿಮಿಷದಲ್ಲಿ ಬರಿದು. ಮಳೆಯೇ ಕಾಣದ ಈ ಸೀಮೆಯಲ್ಲಿ ಮತ್ತೆ ತುಂಬಿಸಿಕೊಳ್ಳುವುದೆಲ್ಲಿ? ನೀರಿನ ಕೊಳವೆಬಾವಿ ನಗರಸಭೆಯದು, ಟ್ಯಾಂಕರು ನಗರಸಭೆಯದು, ನೀರು ಬಿಡುವ ನೌಕರ ನಗರಸಭೆಯವನು. ಬೆಂಕಿಯ ಕರೆ ಬಂದ ಕ್ಷಣ ಟ್ಯಾಂಕರೂ ಜೊತೆಗೆ ಹೊರಡತಕ್ಕದ್ದು ಎಂದು ಠರಾವು ಮಾಡಲು ಯಾವ ಬೆಂಗಳೂರಿನ ಅಪ್ಪಣೆ ಬೇಕು ಎಂದು ಕೇಳುತ್ತೇವೆ.

ಅಗ್ನಿಶಾಮಕ ಸೇವೆಯ ಕುರಿತ ಕೇಂದ್ರದ ಸಲಹಾ ಸಮಿತಿ ಹಾಕಿಕೊಟ್ಟ ಅಳತೆಯಂತೆ ಪಟ್ಟಣದಲ್ಲಿ ಐದಾರು ನಿಮಿಷದಲ್ಲಿ, ಹಳ್ಳಿಯಲ್ಲಿ ಇಪ್ಪತ್ತು ನಿಮಿಷದಲ್ಲಿ ವಾಹನ ಮುಟ್ಟಬೇಕು. ಗಂಟೆಗೆ ಅರವತ್ತು ಕಿಲೋಮೀಟರಿನಂತೆ ನಿಲ್ಲದೆ ಓಡಿದರೂ ಇಪ್ಪತ್ತು ನಿಮಿಷಕ್ಕೆ ಇಪ್ಪತ್ತೇ ಕಿಲೋಮೀಟರು. ಪರಶುರಾಂಪುರದ ಕಡೆಯ ಹಳ್ಳಿಗಳವರು ಈ ಲೆಕ್ಕವನ್ನು ತಾವೇ ಹಾಕಿಕೊಳ್ಳಲಿ.

ಮಾಲೀಕರ ಹೊಣೆಯನ್ನೂ ಕಾನೂನು ಬಹಳ ನಾಜೂಕಾಗಿ ಇಳಿಸಿದೆ. 1948ರ ಕಾರ್ಖಾನೆಗಳ ಕಾನೂನು ಆಂಬುಲೆನ್ಸ್ ಕೋಣೆಯನ್ನು ಕಡ್ಡಾಯ ಮಾಡಿದ್ದು ಐನೂರಕ್ಕೂ ಹೆಚ್ಚು ಜನ ದುಡಿಯುವಲ್ಲಿ ಮಾತ್ರ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅಂಕಿ ಐನೂರೇ. ಅಷ್ಟೇ ಅಲ್ಲ, ಹಿಂದೆ ವಿದ್ಯುತ್ ಬಳಸುವ ಕಡೆ ಹತ್ತು ಜನ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು, ಈಗ ಇಪ್ಪತ್ತು ಜನ ಬೇಕು. ಹನ್ನೆರಡು ಜನರ ಸಣ್ಣ ಗಿರಣಿಯವನು ಕಾನೂನಿನ ಕಣ್ಣಿಗೆ ಕಾರ್ಮಿಕನಾಗಿ ಕಾಣುವುದೇ ಕಷ್ಟ. ಅಂಥವನಿಗೆ ಉಳಿದ ಆಸರೆ ಸಾರ್ವಜನಿಕ ವಾಹನ ಒಂದೇ.

ಚಿಲ್ಲರೆ ವ್ಯಾಪಾರಿಗಳು ತಮ್ಮ ಕಂದಾಯದ ರಸೀತಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಲಿ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಹದಿನೈದರಂತೆ ಆರೋಗ್ಯ ಕರ ಇದೆ. ಗ್ರಂಥಾಲಯದ್ದು ಆರು, ಭಿಕ್ಷುಕರದ್ದು ಮೂರು, ಅವು ಬೇರೆ. ಎರಡು ಸಾವಿರ ರೂಪಾಯಿ ತೆರಿಗೆಯ ಅಂಗಡಿಯವನು ಆರೋಗ್ಯಕ್ಕೆಂದೇ ಮುನ್ನೂರು ರೂಪಾಯಿ ತೆರುತ್ತಾನೆ. ನಗರಸಭೆ ವಸೂಲಿಯ ಖರ್ಚಿಗೆ ಒಂದಿಷ್ಟು ಹಿಡಿದುಕೊಂಡು ಉಳಿದದ್ದನ್ನು ರಾಜ್ಯದ ಖಜಾನೆಗೆ ಕಟ್ಟುತ್ತದೆ. ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಹೆಸರಿನಲ್ಲಿ ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಮಾತು, ಮಾಡಿದಷ್ಟು ನೀಡು ಭಿಕ್ಷೆ ಎಂಬುದು. ಇಲ್ಲಿ ಮಾಡಿದವರು ನಾವು. ಭಿಕ್ಷೆ ಮಾತ್ರ ಬೇರೆಲ್ಲೋ ಬಡಿಸಲಾಗುತ್ತಿದೆ. ಆ ಮುನ್ನೂರರಲ್ಲಿ ನಮ್ಮ ಊರಿನ ರಾತ್ರಿಯ ಕರೆಗೆ ಎಷ್ಟು ಸಂದಿತು ಎಂಬ ಲೆಕ್ಕ ಯಾವ ಸಭೆಯಲ್ಲಿ ಕೊಡುತ್ತೀರಿ?

ಮೊಳಕಾಲ್ಮೂರಿನ ಸಂಕಟ ಇನ್ನೂ ವಿಚಿತ್ರ. ಜಿಲ್ಲೆಯ ಕೇಂದ್ರ ಚಿತ್ರದುರ್ಗ, ಹತ್ತಿರದ ದೊಡ್ಡ ಆಸ್ಪತ್ರೆ ಬಳ್ಳಾರಿಯದು, ಕೂಗಿದರೆ ಕೇಳಿಸುವಷ್ಟು ಸಮೀಪದ ಪಟ್ಟಣ ಆಂಧ್ರದ ರಾಯದುರ್ಗ. ಗುಂಡಿ ಮಗ್ಗದ ಮುಂದೆ ಕುಳಿತು ರೇಷ್ಮೆ ನೇಯುವವನಿಗೆ ಎದೆ ನೋವು ಬಂದರೆ ವಾಹನ ಎತ್ತ ಹೊರಡಬೇಕು? ಒಂದು ವಾಹನ ರೋಗಿಯನ್ನು ಬಳ್ಳಾರಿಗೋ ದುರ್ಗಕ್ಕೋ ಕೊಂಡೊಯ್ದು ಹಿಂತಿರುಗುವ ತನಕ ಹೆದ್ದಾರಿಯ ಅಪಘಾತಕ್ಕೆ ಯಾರು? ಚಳ್ಳಕೆರೆ ನಲವತ್ತು ಕಿಲೋಮೀಟರಿಗೂ ದೂರ. ಇದನ್ನು ಜಿಲ್ಲೆಯ ಗೆರೆ ನೋಡಿ ತೀರ್ಮಾನಿಸುವುದಲ್ಲ, ದಾರಿ ನೋಡಿ ತೀರ್ಮಾನಿಸಬೇಕು. ಸ್ವತಃ ಮೊಳಕಾಲ್ಮೂರು ಕ್ಷೇತ್ರದ ಶಾಸಕರಾಗಿದ್ದ ಶ್ರೀ ಬಿ. ಶ್ರೀರಾಮುಲು ಅವರೇ 2019ರ ಆಗಸ್ಟಿನಿಂದ 2020ರ ಅಕ್ಟೋಬರಿನವರೆಗೆ ರಾಜ್ಯದ ಆರೋಗ್ಯ ಮಂತ್ರಿಗಳಾಗಿದ್ದರು. ನಮ್ಮ ಊರಿನವರೇ ಮಂತ್ರಿ ಎಂದು ಜನ ಹಿಗ್ಗಿದರು. ಮಂತ್ರಿ ಪದವಿ ನಮ್ಮ ಕ್ಷೇತ್ರಕ್ಕೆ ಬಂತು. ಕೀಲಿಕೈ ಮಾತ್ರ ಬೆಂಗಳೂರಿನಲ್ಲೇ ಉಳಿಯಿತು. ಆದುದರಿಂದಲೇ ನಾವು ವ್ಯಕ್ತಿಯನ್ನು ನಂಬದೆ ವ್ಯವಸ್ಥೆಯನ್ನು ಕೇಳುತ್ತಿದ್ದೇವೆ.

ಹಣವಿಲ್ಲ ಎನ್ನುವರು, ತಂತ್ರವಿಲ್ಲ ಎನ್ನುವರು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಎಂಟು ಸಾವಿರ ಎಕರೆಗೂ ಮೀರಿ ನೆಲವನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟವರು ನಾವು. ಕುರಿ ದನ ಮೇಯಿಸುತ್ತಿದ್ದವರು ಬೇಲಿಯ ಆಚೆ ನಿಂತು ನೋಡಿದರು. 2023ರ ಏಪ್ರಿಲ್ 2ರಂದು ಅಲ್ಲಿ ಹೆಲಿಕಾಪ್ಟರೊಂದು ಇಸ್ರೋದ ಮರುಬಳಕೆ ವಾಹನವನ್ನು ನಾಲ್ಕೂವರೆ ಕಿಲೋಮೀಟರು ಮೇಲಕ್ಕೆ ಒಯ್ದು ಬಿಟ್ಟಿತು. ಒಳಗೆ ಮನುಷ್ಯರಿಲ್ಲದ ಆ ವಾಹನ ತಾನೇ ದಾರಿ ಹುಡುಕಿಕೊಂಡು ಓಡುಪಟ್ಟಿಯ ಮೇಲೆ ಇಳಿಯಿತು. ನಮ್ಮ ವಿಜ್ಞಾನಿಗಳ ಬಗ್ಗೆ ನಮಗೆ ಹೆಮ್ಮೆಯಿದೆ. ಆಕಾಶದಿಂದ ಬಿದ್ದ ವಾಹನಕ್ಕೆ ಕುದಾಪುರದ ದಾರಿ ತಪ್ಪದಂತೆ ಮಾಡಬಲ್ಲ ದೇಶಕ್ಕೆ ನೆಲದ ಮೇಲಿನ ಆಂಬುಲೆನ್ಸಿಗೆ ಗೊಲ್ಲರಹಟ್ಟಿಯ ದಾರಿ ತೋರಿಸಲಾಗದು ಎಂದರೆ ನಂಬುವ ಮೂರ್ಖರು ನಾವಲ್ಲ.

ನಾವು ಕೇಳುತ್ತಿರುವುದಾದರೂ ಎಷ್ಟು? ಎರಡೂ ಊರುಗಳಲ್ಲಿ ಹಗಲು ರಾತ್ರಿ ಒಬ್ಬ ಸ್ಥಳೀಯ ನೌಕರ ಕುಳಿತಿರುವ ಒಂದು ಮೇಜು. ಅವನ ಮುಂದೆ ಬಡಾವಣೆ, ಓಣಿ, ಹಟ್ಟಿ, ಗಿರಣಿಗಳ ನಕ್ಷೆ. ಬೆಂಗಳೂರಿಗೆ ಬಂದ ಕರೆ ಅದೇ ಕ್ಷಣ ಅವನಿಗೂ ಕೇಳಿಸುವ ಏರ್ಪಾಡು. ಅಲ್ಲಿನ ಯಂತ್ರ ಕೆಟ್ಟ ದಿನ ಇಲ್ಲಿಂದಲೇ ವಾಹನ ಹೊರಡಿಸುವ ಅಧಿಕಾರ. ವಾಹನ ಎಲ್ಲಿ ನಿಲ್ಲಬೇಕೆಂಬುದನ್ನು ಆರೋಗ್ಯ ಇಲಾಖೆ ನಗರಸಭೆಯೊಡನೆ, ಪಟ್ಟಣ ಪಂಚಾಯಿತಿಯೊಡನೆ ಕುಳಿತು ನಿರ್ಣಯಿಸಲಿ. ಗಿರಣಿ ಕಾರ್ಮಿಕರ ಸಂಘದಿಂದ, ವರ್ತಕರಿಂದ, ನೇಕಾರರಿಂದ ಒಬ್ಬೊಬ್ಬರು ಅಲ್ಲಿರಲಿ. ಆರೋಗ್ಯ ಕರದಲ್ಲಿ ಒಂದು ಪಾಲು ಊರಿನಲ್ಲೇ ಉಳಿಯಲಿ. ಪ್ರತಿ ತಿಂಗಳ ಸಭೆಯ ಮೊದಲ ಬಾಬತ್ತಾಗಿ ಒಂದು ಪಟ್ಟಿ ಓದಲಿ: ಕರೆ ಬಂದ ಹೊತ್ತು, ವಾಹನ ಹೊರಟ ಹೊತ್ತು, ಮುಟ್ಟಿದ ಹೊತ್ತು. ಡಾಕ್ಟರ್ ಲೋಹಿಯಾ ಹೇಳಿದ ನಾಲ್ಕು ಕಂಬಗಳ ರಾಜ್ಯದಲ್ಲಿ ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಲ್ಲಕ್ಕೂ ಅಧಿಕಾರದ ಪಾಲಿತ್ತು. ನಮ್ಮಲ್ಲಿ ಮೇಲಿನ ಎರಡು ಕಂಬ ಮುಗಿಲು ಮುಟ್ಟಿವೆ, ಕೆಳಗಿನವಕ್ಕೆ ಗುಂಡಿಯನ್ನೇ ತೋಡಿಲ್ಲ.

ತಜ್ಞರ ಕೆಲಸದಲ್ಲಿ ಜನಸಾಮಾನ್ಯರು ಕೈಹಾಕಬಾರದು ಎಂಬ ಹಳೆಯ ಹುಯಿಲು ಏಳುತ್ತದೆ. ಚಿಕಿತ್ಸೆ ತಜ್ಞರದೇ, ಫೋನಿನಲ್ಲಿ ವೈದ್ಯರ ಸಲಹೆ ಬೆಂಗಳೂರಿನಿಂದಲೇ ಬರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಪಾವಗಡ ರಸ್ತೆಯ ಯಾವ ತಿರುವಿನಲ್ಲಿ ವಾಹನ ನಿಂತರೆ ಎಷ್ಟು ಹಳ್ಳಿಗೆ ಹತ್ತಿರ ಎಂಬುದು ವೈದ್ಯಶಾಸ್ತ್ರವಲ್ಲ, ಊರಿನ ವಿವೇಕ.

ಸಭೆ ತಾನಾಗಿ ಎದ್ದೀತೆಂದು ಕಾಯುತ್ತ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾನೂನಿನಂತೆ ಹತ್ತು ರೂಪಾಯಿ ಕಟ್ಟಿ ಯಾರು ಬೇಕಾದರೂ ಅರ್ಜಿ ಕೊಡಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹತ್ತೂ ಬೇಡ. ಉತ್ತರ ಮೂವತ್ತು ದಿನದೊಳಗೆ ಬರಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿ: ಕಳೆದ ಹನ್ನೆರಡು ತಿಂಗಳಲ್ಲಿ ಈ ಎರಡು ತಾಲ್ಲೂಕುಗಳಿಂದ ಬಂದ ಕರೆ ಎಷ್ಟು, ವಾಹನ ಮುಟ್ಟಲು ಹಿಡಿದ ಸಮಯ ಎಷ್ಟೆಷ್ಟು, ವಾಹನ ಕೆಟ್ಟು ನಿಂತ ದಿನಗಳೆಷ್ಟು. ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳನ್ನು ಕೇಳಿ: ನೊರೆಯ ದಾಸ್ತಾನು ಎಷ್ಟಿದೆ, ಯಾವ ಯಾವ ಗಿರಣಿಯ ತಪಾಸಣೆ ಯಾವಾಗ ಆಯಿತು. ಚಳ್ಳಕೆರೆಯ ಪೌರಾಯುಕ್ತರನ್ನೂ ಮೊಳಕಾಲ್ಮೂರಿನ ಮುಖ್ಯಾಧಿಕಾರಿಗಳನ್ನೂ ಕೇಳಿ: ವಸೂಲಾದ ಆರೋಗ್ಯ ಕರ ಎಷ್ಟು, ಖಜಾನೆಗೆ ಹೋದದ್ದೆಷ್ಟು, ಬೆಂಕಿಯ ಸಮಯದಲ್ಲಿ ನೀರು ತುಂಬಿಸಿಕೊಳ್ಳುವ ಜಾಗಗಳು ಎಲ್ಲೆಲ್ಲಿ. ಅರ್ಜಿ ಬರೆಯಲು ಬಾರದವರು ನಮ್ಮ ಪಕ್ಷದ ಕಚೇರಿಗೆ ಬಂದರೆ ಬರೆದುಕೊಡುತ್ತೇವೆ. ಬಂದ ಉತ್ತರಗಳನ್ನು, ಬಾರದಿದ್ದರೆ ಬರಲಿಲ್ಲವೆಂಬುದನ್ನು, ಇಲಾಖೆಯ ಹೆಸರಿನೊಂದಿಗೆ ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.